ಮೇಘಾ ಕಟ್ಟಿದ ಪುಟ, ಸರ್ ಹಾಕಿಕೊಂಡ ಹೆಸರು

ಮೇಘಾಳದು ದೊಡ್ಡ ಮನಸ್ಸು ಎಂದು ಯಾರಾದರೂ ಹೊಗಳಿದರೆ ನನಗೆ ನಗು ಬರುತ್ತದೆ. ಹುಕ್ಕೇರಿಯಲ್ಲಿ ವೆಬ್‌ಸೈಟು ಮಾಡಿಕೊಡುವ ಸ್ವಂತ ಅಂಗಡಿ ಇಟ್ಟಿರುವ ಈ ನನ್ನ ಗೆಳತಿಗೆ ಬೇಕಾದಷ್ಟು ಒಳ್ಳೆಯ ಗುಣಗಳಿವೆ, ಕ್ಷಮಿಸುವ ಗುಣವೊಂದಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು.

ಎರಡು ಸಾವಿರದ ಎರಡರಲ್ಲಿ ನಾವಿಬ್ಬರೂ ಗೋಕಾಕದಲ್ಲಿ ಡಿಗ್ರಿ ಓದುತ್ತಿದ್ದೆವು. ಸಂಜೆ ಜಿನೇಂದ್ರ ಸರ್ ಅವರ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆವು. ಮೇಘಾ ಅರಭಾವಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದಳು. ಅವಳ ಅಪ್ಪ ಮಾಳಪ್ಪ ಅಲ್ಲಿಯ ತೋಟಗಾರಿಕೆ ಕಾಲೇಜಿನ ನರ್ಸರಿಯಲ್ಲಿ ಸಸಿ ನೆಡುವ ಆಳು. ಸರ್ ಕಲಿಸುತ್ತಿದ್ದದ್ದು ಏನು? ಚಪ್ಪಲಿ ಹೊರಗೆ ಬಿಡುವುದು, ಟೈಪಿಂಗ್, ಪೇಂಟಿನಲ್ಲಿ ಒಂದು ಮನೆಯ ಚಿತ್ರ. ವೆಬ್‌ಸೈಟು ಮಾಡುವುದು ಹೇಗೆಂದು ಕೇಳಿದರೆ, "ಅದೆಲ್ಲಾ ಆಮ್ಯಾಲ. ಮೊದ್ಲ ಟೈಪಿಂಗ್ ಮುಗಸ್ರಿ" ಎನ್ನುತ್ತಿದ್ದರು. ಅವರಿಗೇ ಅರ್ಧಂಬರ್ಧ ಗೊತ್ತಿತ್ತು.

ಮೇಘಾ ತನ್ನ ದಾರಿ ತಾನೇ ಹುಡುಕಿಕೊಂಡಳು. ಸೈಬರ್ ಕೆಫೆಗೆ ಹೋಗಿ, ಚೆನ್ನಾಗಿ ಕಂಡ ಯಾವುದೋ ಪುಟ ತೆರೆದು, ಅದರ ಹಿಂದಿನ ಬರಹವನ್ನು, ಅಂದರೆ ಕೋಡನ್ನು, ಫ್ಲಾಪಿಗೆ ಹಾಕಿಕೊಂಡು ಬರುವಳು. ಕ್ಲಾಸಿನಲ್ಲಿ ಒಂದೊಂದೇ ಸಾಲು ಅಳಿಸಿ, ಏನು ಕೆಡುತ್ತದೆ ಎಂದು ನೋಡುವಳು. "ಕೆಡಸದ ಇದು ತಲಿಗೆ ಹತ್ತೂದಿಲ್ಲ ಆರತಿ" ಎನ್ನುತ್ತಿದ್ದಳು. ಆಮೇಲೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಜಾಗ ಹಿಡಿದು ಸ್ವಂತ ಪುಟ ಹಾಕಿದಳು. ಆಗ ಕನ್ನಡ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಚೌಕುಳಿ ಚೌಕುಳಿಯಾಗಿ ಕಾಣುತ್ತಿತ್ತು. ಇವಳು ಕನ್ನಡ ಸಾಲುಗಳನ್ನು ಚಿತ್ರವಾಗಿ ಮಾಡಿ ಹಾಕುವುದನ್ನು ಕಂಡುಕೊಂಡಳು.

ಇದನ್ನು ನೋಡಿದ ಸರ್ ಒಂದು ದಿನ ಕರೆದು ಹೇಳಿದರು. "ಮುದಲಗಿ ನೇಮಣ್ಣ ಕಾಕಾಂದು ಟ್ರ್ಯಾಕ್ಟರ್ ಟ್ರೇಲರ್ ಅಂಗಡಿ ಐತಲ್ಲ, ಅದರ ವೆಬ್‌ಸೈಟ್ ನೀ ಮಾಡು. ತಳದಾಗ ನಿನ್ನ ಹೆಸರ ಹಾಕೂಣು. ಮುಂದಿನ ವೆಬ್ ಬ್ಯಾಚಿಗೆ ನೀನ ಟೀಚರ್."

ಡಿಗ್ರಿ ಮುಗಿದ ಕೂಡಲೇ ಮದುವೆ ಎಂದು ಅವಳ ಮನೆಯಲ್ಲಿ ಮಾತು ನಡೆದಿತ್ತು. ಆ ಟೀಚರ್ ಕೆಲಸವೊಂದು ಕೈಗೆ ಬಂದರೆ ಅವಳು ಮುಂದೆ ಕಲಿಯಬಹುದಿತ್ತು. ಬೇಸಿಗೆ ಪೂರ್ತಿ ದುಡಿದಳು. ಮುದಲಗಿಗೆ ಹೋಗಿ ಟ್ರೇಲರುಗಳ ಫೋಟೋ ತೆಗೆಸಿದಳು, ಸ್ಕ್ಯಾನ್ ಮಾಡಿಸಿದಳು, ಎಲ್ಲವನ್ನೂ ತನ್ನ ಆ ಪುಕ್ಕಟೆ ಜಾಗದಲ್ಲಿ ಜೋಡಿಸಿ ಸರ್‌ಗೆ ತೋರಿಸಿದಳು.

ವೆಬ್‌ಸೈಟಿನ ಉದ್ಘಾಟನೆ ಹತ್ತಿರ ಬಂದಾಗ ಅದೇ ಪುಟ ಸರ್ ದುಡ್ಡು ಕೊಟ್ಟು ತೆಗೆದುಕೊಂಡ ಜಾಗದಲ್ಲಿ ಕಾಣಿಸಿತು. ತಳದಲ್ಲಿ ಇಂಗ್ಲಿಷಿನಲ್ಲಿ ಜಿನೇಂದ್ರ ಎಂದಿತ್ತು. ವೆಬ್ ಬ್ಯಾಚು ಅವರ ಹೆಂಡತಿಯ ತಮ್ಮನ ಪಾಲಾಗಿತ್ತು. ಮೇಘಾ ಕೇಳಿಯೇ ಬಿಟ್ಟಳು. ಸರ್ ಇಡೀ ಕ್ಲಾಸಿನ ಎದುರು ನಕ್ಕರು.

"ಟೈಪ್ ಮಾಡಿದವರ ಹೆಸರೆಲ್ಲಾ ಹಾಕ್ಕೋತ ಹೋದ್ರ ಹೆಂಗವಾ? ನಿಮ್ಮಪ್ಪ ಸಸಿ ನೆಟ್ಟಾನಂತ ಕಾಲೇಜಿಗೆ ಅವನ ಹೆಸರ ಇಟ್ಟಾರೇನು?"

ಎಲ್ಲರೂ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಮೇಘಾ ಅಳಲಿಲ್ಲ, ಫ್ಲಾಪಿ ಎತ್ತಿಕೊಂಡು ಎದ್ದಳು.

ಅಲ್ಲಿಂದ ಸೀದಾ ಸೈಬರ್ ಕೆಫೆ. ಸರ್ ಪುಟದ ಹಿಂದಿನ ಬರಹ ತೆರೆದು ಓದುತ್ತಾ ಓದುತ್ತಾ ಅವಳು ಮೊದಲ ಸಲ ನಕ್ಕಳು. ಪುಟದೊಳಗೆ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಸರ್ ಬರಹವನ್ನು ಎತ್ತಿಕೊಂಡಿದ್ದರು, ವಿಳಾಸಗಳನ್ನು ಮುಟ್ಟಿರಲಿಲ್ಲ. ಅವರ ಪುಟದ ಒಂದೊಂದು ಚಿತ್ರವೂ ಇನ್ನೂ ಮೇಘಾಳ ಜಾಗದಿಂದಲೇ ಬರುತ್ತಿತ್ತು. ಅವಳು ಇಲ್ಲಿ ಬದಲಿಸಿದರೆ ಅಲ್ಲಿ ಬದಲಾಗುತ್ತಿತ್ತು.

"ಎಲ್ಲಾ ಅಳಿಸಿ ಬಿಡು" ಎಂದೆ.

"ಅಳಿಸಿದ್ರ ನೆಟ್ ಕೆಟ್ಟೈತಿ ಅಂತಾನ, ಪಾರಾಗತಾನ. ಹಂಗ ಬ್ಯಾಡ."

ಉದ್ಘಾಟನೆಯ ಬೆಳಿಗ್ಗೆ ಅವಳು ಮೊದಲ ಚಿತ್ರದ ಜಾಗದಲ್ಲಿ ಅದೇ ಫೈಲ್ ಹೆಸರಿನ ಇನ್ನೊಂದು ಚಿತ್ರ ಇಟ್ಟಳು. ಇಬ್ಬರೂ ಮುದಲಗಿ ಬಸ್ಸು ಹತ್ತಿದೆವು. ಅಂಗಡಿಯಲ್ಲಿ ಹೊಸ ಕಂಪ್ಯೂಟರಿಗೆ ಹೂವಿನ ಹಾರ ಹಾಕಿ ಕುಂಕುಮ ಹಚ್ಚಿದ್ದರು. ಊರಿನ ವ್ಯಾಪಾರಸ್ಥರೆಲ್ಲ ಸೇರಿದ್ದರು. ನೇಮಣ್ಣ ಕಾಕಾ ತೆಂಗಿನಕಾಯಿ ಒಡೆದರು. ಸರ್ ಮೌಸ್ ಒತ್ತಿದರು.

ಫೋನ್ ಲೈನು ನಿಧಾನ. ಚಿತ್ರ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯತೊಡಗಿತು. ಕೆಂಪು ಅಕ್ಷರ ಕಂಡೊಡನೆ ನೇಮಣ್ಣ ಕಾಕಾ ಹಿಗ್ಗಿನಿಂದ ಗಟ್ಟಿಯಾಗಿ ಓದಿದರು. "ಈ ಪುಟ ಕಟ್ಟಿದವಳು ಅರಭಾವಿಯ ಮೇಘಾ." ಮುಂದಿನ ಸಾಲು ಇಳಿಯಿತು. "ಜಿನೇಂದ್ರ ಸರ್ ಇದನ್ನು..." ಎಂದವರು ಅಲ್ಲಿಗೇ ನಿಂತರು. ಉಳಿದ ಒಂದು ಶಬ್ದವನ್ನು ಎಲ್ಲರೂ ಮನಸ್ಸಿನಲ್ಲೇ ಓದಿಕೊಂಡರು. ಕದ್ದಿದ್ದಾರೆ.

ಸರ್ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರು. ಮತ್ತೆ ಅದೇ ಬಂತು. ಹಿಂದಿನ ಬರಹ ತೆರೆದು ಆ ಸಾಲು ಹುಡುಕಿದರು. ಅದು ಚಿತ್ರ, ಅಲ್ಲೆಲ್ಲಿ ಸಿಗಬೇಕು? ಅವರ ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ನನಗೆ ಹಬ್ಬದ ಊಟ ಮಾಡಿದಷ್ಟು ಖುಷಿಯಾಗುತ್ತಿತ್ತು.

"ಏನ್ರಿ ಸರ್ ಇದು? ಖರೆ ಏನು?" ಎಂದರು ನೇಮಣ್ಣ ಕಾಕಾ.

ಸರ್ ಮೇಘಾಳ ಕಡೆ ತಿರುಗಿದರು. "ತಗದ ಬಿಡವಾ ಅದನ್ನ. ನಾಳೆ ನಿನ್ನ ಹೆಸರ ಹಾಕ್ತೇನಿ."

"ಈಗ ಹಾಕ್ರಿ ಸರ್. ನಾ ಹೇಳ್ತೇನಿ, ನೀವು ಟೈಪ್ ಮಾಡ್ರಿ."

ಅವರು ಕೂತರು. ಅವಳು ಕುರ್ಚಿಯ ಹಿಂದೆ ನಿಂತು ಒಂದೊಂದು ಗುರುತು, ಒಂದೊಂದು ಅಕ್ಷರ ಹೇಳಿದಳು. ಒಂದು ಕಡೆ ಅವರು ತಪ್ಪಿದರು. ಒಂದು ಗುಂಡಿ ಒತ್ತಿದ್ದರೆ ಸರಿಯಾಗುತ್ತಿತ್ತು. ಅವಳು ಪೂರ್ತಿ ಸಾಲು ಅಳಿಸಲು ಹೇಳಿ ಮೊದಲಿನಿಂದ ಬರೆಸಿದಳು. ಪೇಡೆ ಹಿಡಿದುಕೊಂಡ ಜನ ಬಾಯಿಗೆ ಹಾಕಿಕೊಳ್ಳದೆ ನಿಂತಿದ್ದರು. ಪುಟದ ತಳದಲ್ಲಿ ಅವಳ ಹೆಸರು ಮೂಡಿತು. ಸರ್ ಎದ್ದೇಳಲು ಕುರ್ಚಿ ಹಿಂದೆ ತಳ್ಳಿದರು. ಮೇಘಾ ಸರಿಯಲಿಲ್ಲ.

ನೇಮಣ್ಣ ಕಾಕಾರ ಹೆಂಡತಿ ತಾರಾಬಾಯಿಗೆ ನೋಡಲಾಗಲಿಲ್ಲ. "ಸಾಕ ಬಿಡವಾ ತಂಗಿ. ಕಲಿಸಿದ ಗುರುಗಳು ಅದಾರ."

"ಇನ್ನೂ ಮುಗದಿಲ್ಲರಿ ಕಾಕು" ಎಂದಳು ಮೇಘಾ, ಪರದೆಯಿಂದ ಕಣ್ಣು ಕೀಳದೆ. "ಬರೀರಿ ಸರ್. ತಂದಿ ಹೆಸರು, ಮಾಳಪ್ಪ."