ಟೈಲರಮ್ಮನ ಗೆರೆ

ಆ ಬೀದಿಯಲ್ಲಿ ಟೈಲರಮ್ಮನ ಬಾಯಿಗೆ ಹೆದರದವರಿಲ್ಲ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡರೆ, "ಮನೆಗೆ ಹೋದ್ಮೇಲೂ ಹೀಗೇ ಉಸಿರು ಹಿಡ್ಕೊಂಡಿರ್ತೀರಾ?" ಅಂತ ಎಲ್ಲರೆದುರೇ ಕೇಳಿಬಿಡುವ ಹೆಂಗಸು. ಅಂಥವಳು ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ತಾರಸಿ ಮೇಲೆ ತಂತಿ ಕಟ್ಟಿ, ಹವ್ಯಾಸಿ ರೇಡಿಯೋದಲ್ಲಿ ಸಮುದ್ರದಾಚೆಯವರ ಜೊತೆ ಮಾತಾಡತೊಡಗಿದಾಗ ಜನ ನಕ್ಕರು. "ಬೀದಿಯವರು ಸಾಲಲಿಲ್ಲ ಅಂತ ಲೋಕಕ್ಕೇ ಬಯ್ಯೋಕೆ ಹೊರಟಿದ್ದಾಳೆ" ಅಂದರು. ನಗಲಿ ಬಿಡಿ, ಅವರ ಗಂಟೇನು ಹೋಗಬೇಕು!

ರೇಡಿಯೋ ಮುಂದೆ ಕೂತರೆ ಅವಳು ಬೇರೆಯೇ ಮನುಷ್ಯಳು. ಮೊದಲು ಕೇಳುವುದು, ಆಮೇಲೆ ಮಾತು. ನಾದಿನಿಗೆ ಪಾಠ ಹೇಳಿಕೊಟ್ಟಿದ್ದೂ ಬಟ್ಟೆ ಮೇಲೆ ಸೀಮೆಸುಣ್ಣದ ಗೆರೆ ಎಳೆದೇ. "ನೋಡೇ, ಆಕಾಶ ಅಂದ್ರೆ ಒಂದೇ ಬಟ್ಟೆ ಅಂದ್ಕೋ. ಇಷ್ಟು ವಿಮಾನದವರಿಗೆ, ಇಷ್ಟು ಹಡಗಿನವರಿಗೆ, ಇಷ್ಟು ರೇಡಿಯೋ ಕೇಂದ್ರಗಳಿಗೆ ಅಂತ ಎಲ್ಲಾ ದೇಶದವರು ಕೂತು ಹಂಚ್ಕೊಂಡಿದ್ದಾರೆ. ನಮ್ಮಂಥ ಹವ್ಯಾಸಿಗಳಿಗೆ ಅಲ್ಲೊಂದು ಪಟ್ಟಿ, ಇಲ್ಲೊಂದು ಪಟ್ಟಿ. ಗೆರೆ ದಾಟಿ ಕತ್ತರಿ ಹಾಕಿದ್ರೆ ಹಾಳಾಗೋದು ಇನ್ನೊಬ್ಬರ ಬಟ್ಟೆ."

ಅವಳಿಗೊಂದು ಆಸೆಯಿತ್ತು. ಜನರೇ ಇಲ್ಲದ ದೂರದ ಒಂದು ದ್ವೀಪ. ಎಷ್ಟೋ ವರ್ಷಕ್ಕೊಮ್ಮೆ ಯಾರೋ ಹವ್ಯಾಸಿಗಳು ಅಲ್ಲಿಗೆ ಹೋಗಿ, ಡೇರೆ ಹಾಕಿ ರೇಡಿಯೋದಲ್ಲಿ ಲೋಕದವರ ಜೊತೆ ಮಾತಾಡುತ್ತಾರೆ. ಅವರ ಜೊತೆ ಒಂದೇ ಒಂದು ಮಾತಾಡಬೇಕು. ಹಿಂದಿನ ಸಲ ಅವಳು ಜ್ವರದಲ್ಲಿ ಮಲಗಿದ್ದಳು. ಈ ಸಲವೂ ತಪ್ಪಿದರೆ ಈ ಜನ್ಮಕ್ಕೆ ಮುಗಿಯಿತು. ಅವರು ಡೇರೆ ಕೀಳುವ ಕೊನೆಯ ಸಂಜೆ, ಮೋಟಾರಿನ ಗೊರಗೊರ ರೇಡಿಯೋಗೆ ತಾಗುತ್ತದೆಂದು ಹೊಲಿಗೆ ಮೆಷಿನ್ ನಿಲ್ಲಿಸಿ, ಅರ್ಧ ಹೊಲಿದ ಸಮವಸ್ತ್ರಗಳನ್ನು ಪಕ್ಕಕ್ಕೆ ತಳ್ಳಿ, ಅತ್ತಿಗೆ ನಾದಿನಿ ಇಬ್ಬರೂ ಕಿವಿಗೊಟ್ಟು ಕೂತರು.

ದ್ವೀಪದವನ ದನಿ ಪಕ್ಕದ ಮನೆಯಿಂದ ಮಾತಾಡಿದ ಹಾಗೆ ಕೇಳಿಸಿತು! ಆದರೆ ಕರೆಯುವವರ ಗದ್ದಲದಲ್ಲಿ ತನ್ನ ದನಿ ಮುಳುಗದಿರಲೆಂದು ಅವನು ಮಾತಾಡುತ್ತಿದ್ದದ್ದು ಒಂದು ಕಡೆ, ಉತ್ತರ ಕೇಳಿಸಿಕೊಳ್ಳುತ್ತಿದ್ದದ್ದು ಡಯಲಿನಲ್ಲಿ ಇನ್ನೂ ಮೇಲೆ. ಅವನ ಕಡೆಯ ದೇಶಗಳಲ್ಲಿ ಆ ಮೇಲಿನ ಜಾಗವೂ ಹವ್ಯಾಸಿಗಳದ್ದೇ. ಇವಳ ದೇಶದಲ್ಲಿ ಪಟ್ಟಿ ಅದಕ್ಕೂ ಮೊದಲೇ ಮುಗಿದು, ಆಚೆಗೆ ರೇಡಿಯೋ ಕೇಂದ್ರದವರ ಜಾಗ ಶುರುವಾಗುತ್ತದೆ. ಅವನಿಗದು ಹೊಳೆದೇ ಇಲ್ಲ, ಪಾಪ.

ಫೋನ್ ಬಡಿದುಕೊಂಡಿತು. ಮೂಲೆ ಅಂಗಡಿಯ ಎಲೆಕ್ಟ್ರಿಷಿಯನ್, ಅವನೂ ಹವ್ಯಾಸಿಯೇ. "ಅಕ್ಕಾ, ನಂಗೆ ಸಿಕ್ಬಿಟ್ಟ! ಗೆರೆ ಆಚೆ ಹೋಗಿ ಒಂದ್ಸಲ ಕೂಗಿ ಬಂದೆ. ಯಾರು ನೋಡ್ತಾರೆ? ನೀವೂ ಹೋಗಿ."

"ಒಂದು ಕ್ಷಣದ ಕೆಲ್ಸ, ಅತ್ತಿಗೆ," ನಾದಿನಿ ಅಂಗಲಾಚಿದಳು.

ಟೈಲರಮ್ಮನ ಕೈ ಡಯಲ್ ಮೇಲೇ ಇತ್ತು. ಗೆರೆಯವರೆಗೂ ತಿರುಗಿಸಿ ಅಲ್ಲೇ ನಿಲ್ಲಿಸಿದಳು. "ಅಲ್ಲಿ ಯಾವ್ದೋ ಅಜ್ಜಿ ಸುದ್ದಿ ಕೇಳ್ತಾ ಕೂತಿರ್ತಾಳೆ ಕಣೇ. ಅವಳ ಕಿವಿಗೆ ಹೋಗಿ ಕಿರುಚಲಾ? ನನ್ ಕೈಲಾಗಲ್ಲ."

ಆಗ ಅವಳಿಗೆ ಕಡಲಾಚೆಯ ರೇಡಿಯೋ ಗೆಳೆಯನೊಬ್ಬ ನೆನಪಾದ. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಅವನ ದೇಶದಲ್ಲಿ ಗೆರೆ ಮೇಲಿದೆ, ದ್ವೀಪದವನು ಕೇಳುವ ಜಾಗದಲ್ಲಿ ಅವನು ಮಾತಾಡಬಹುದು. ತಕ್ಷಣ ಅವನಿಗೆ ಫೋನಿನಲ್ಲಿ ಸಂದೇಶ ಕಳಿಸಿದಳು: ನಮ್ಮ ಪಟ್ಟಿ ಕೆಳಗೇ ಮುಗಿಯುತ್ತೆ, ದ್ವೀಪದವನಿಗೆ ಸ್ವಲ್ಪ ಇಳಿದು ಬರೋಕೆ ಹೇಳು.

ಇಬ್ಬರೂ ಮತ್ತೆ ರೇಡಿಯೋಗೆ ಕಿವಿ ಹಚ್ಚಿದರು. ಕೊನೆಗೆ ದ್ವೀಪದವನು ಕ್ಷಮೆ ಕೇಳಿ, ಇನ್ನು ಕೆಳಗಿನವರ ಪಟ್ಟಿಯಲ್ಲೇ ಕೇಳುತ್ತೇನೆ ಅಂದ. ಅಲ್ಲಿಯತನಕ ಕೈಕಟ್ಟಿ ಕೂತಿದ್ದವರೆಲ್ಲ ಒಮ್ಮೆಗೇ ನುಗ್ಗಿದರು. ಟೈಲರಮ್ಮ ಕೂಗಿದ್ದೇ ಕೂಗಿದ್ದು, ಗಂಟಲು ಒಣಗಿತು. ಯಾರ್ಯಾರಿಗೋ ಸಿಕ್ಕಿದ, ಇವಳಿಗೆ ಮಾತ್ರ ಇಲ್ಲ.

ಅಷ್ಟರಲ್ಲಿ ಅವನು, ಎಲ್ಲರೂ ಸ್ವಲ್ಪ ಸುಮ್ಮನಿರಿ, ನನ್ನನ್ನು ಕೆಳಗೆ ಕರೆದವರೊಬ್ಬರೇ ಮಾತಾಡಲಿ ಅಂತ ಹೇಳಿ, ಗೆಳೆಯ ತಿಳಿಸಿದ್ದ ಇವಳ ಕರೆಸಂಕೇತವನ್ನು, ಅಂದರೆ ಲೈಸೆನ್ಸಿನಲ್ಲಿ ಕೊಟ್ಟ ರೇಡಿಯೋ ಹೆಸರನ್ನು, ಒಂದೊಂದೇ ಅಕ್ಷರವಾಗಿ ಓದಿದ. ಸಂತೆಯಂತಿದ್ದ ಪಟ್ಟಿ ಗಪ್‌ಚುಪ್! ಬೀದಿಯನ್ನೇ ನಡುಗಿಸುವ ಬಾಯಿಗೆ ಆ ಹೊತ್ತಿನಲ್ಲಿ ಮಾತೇ ಹೊರಡಲಿಲ್ಲ. ನಾದಿನಿ ತೋಳು ಚಿವುಟಿದ ಮೇಲೆ ತನ್ನ ಸಂಕೇತ ಹೇಳಿ, ನಿಮ್ಮ ದನಿ ಚೆನ್ನಾಗಿ ಕೇಳಿಸ್ತಿದೆ ಅಂದಳು. ನಿಮ್ಮದೂ ಅಂದ. ಅಷ್ಟೇ. ಅಷ್ಟಕ್ಕೇ ಅವಳ ಕಣ್ಣು ತುಂಬಿತು.

"ನಮ್ಮತ್ತಿಗೆ ಅಂದ್ರೆ ಸುಮ್ನೇನಾ!" ನಾದಿನಿ ಹೆಮ್ಮೆಯಿಂದ ಬೀಗುತ್ತಾ ಮೆಷಿನ್ ಕಡೆ ತಿರುಗಿದಳು. ಅದೇ ಹೊತ್ತಿಗೆ ರೇಡಿಯೋದಲ್ಲಿ ಇನ್ನೊಂದು ದನಿ, ಪಟ್ಟಿಯೊಳಗಿಂದಲೇ. ಎಲೆಕ್ಟ್ರಿಷಿಯನ್! ನಿಮ್ಮ ಜೊತೆ ಆಗಲೇ ಮಾತಾಯಿತಲ್ಲ ಅಂತ ದ್ವೀಪದವನು ಕೇಳಿದ. ಅದು ಲೆಕ್ಕಕ್ಕಿಲ್ಲ, ಆಗ ನಾನು ಗೆರೆಯಾಚೆ ಇದ್ದೆ, ಅದನ್ನು ಹೊಡೆದುಹಾಕಿ ಇನ್ನೊಂದು ಸಲ ಮಾತಾಡಿ ಅಂತ ಇವನು ಗೋಗರೆಯುತ್ತಿದ್ದ.

ನಾದಿನಿಯ ಕೈ ಮೆಷಿನ್ನಿನ ಸ್ವಿಚ್ ಮೇಲಿತ್ತು. ಟೈಲರಮ್ಮ ಅದನ್ನು ಹಿಡಿದು ನಿಲ್ಲಿಸಿದಳು.

"ತಡಿಯೇ. ಅವನಿಗೂ ದ್ವೀಪ ಸಿಗೋದನ್ನ ನಾನು ಕೇಳ್ಬೇಕು."