ತಪ್ಪು ತಿದ್ದುವ ಯಂತ್ರ

ಶಾರದಮ್ಮನವರೇ, ಆ ದಿನ ಪರೀಕ್ಷೆಯಲ್ಲಿ ನೀವು ಸೋತದ್ದು ನಿಮ್ಮಿಂದಲ್ಲ, ನನ್ನಿಂದ. ನಾನು ನಿಮಗೆ ಸುಳ್ಳು ಕಲಿಸಿದ್ದೆ. ಗೊತ್ತಿದ್ದೂ ಕಲಿಸಿದ್ದೆ. ಇಷ್ಟು ಹೇಳುವುದಕ್ಕೆ ಮೂವತ್ತು ಚಿಲ್ಲರೆ ವರ್ಷ ತೆಗೆದುಕೊಂಡೆ — ಥೂ, ಶುರುವಿನಲ್ಲೇ ವರ್ಷ ಎಣಿಸುತ್ತ ಕೂತೆ ನೋಡಿ. ವಿಷಯಕ್ಕೆ ಬರುತ್ತೇನೆ.

ರಾಜಾಜಿನಗರದ ಆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಿಮಗೆ ನೆನಪಿರಬೇಕು. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಾವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಫೀಸುಗಳಿಗೆಲ್ಲ ಕಂಪ್ಯೂಟರ್ ಬರುತ್ತದಂತೆ ಎಂಬ ಗುಲ್ಲು. ಮಾಲೀಕರಾದ ಗೋವಿಂದಪ್ಪನವರು ದುಬೈಯಲ್ಲಿದ್ದ ಭಾವಮೈದುನನಿಂದ ಒಂದು ಲ್ಯಾಪ್‌ಟಾಪ್ ತರಿಸಿದರು. ಅದಕ್ಕೆ ಕುಂಕುಮವಿಟ್ಟು, ಕಾಯಿ ಒಡೆದು, ‘ಇಲ್ಲಿ ಕಂಪ್ಯೂಟರ್ ಕಲಿಸಲಾಗುವುದು’ ಎಂದು ಬೀದಿಗೆ ಕಾಣುವಂತೆ ಬೋರ್ಡು ಹಾಕಿಸಿದರು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೊಳೆಯುತ್ತಿದ್ದ ನನ್ನನ್ನು ಕರೆದು ಮೇಷ್ಟ್ರು ಮಾಡಿದರು.

ಆಫೀಸುಗಳಲ್ಲಿ ಪತ್ರ ಟೈಪ್ ಮಾಡಲು ಬಳಸುತ್ತಿದ್ದ ಸಾಫ್ಟ್‌ವೇರಿನ ಫ್ಲಾಪಿ ಹೇಗೋ ಸಿಕ್ಕಿತು. ಹಾಕಿದೆ. ಓಡಲಿಲ್ಲ. ಅದು ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರುಗಳಿಗೆಂದು ಮಾಡಿದ್ದು. ನಮ್ಮ ಯಂತ್ರದ ಆಪರೇಟಿಂಗ್ ಸಿಸ್ಟಮ್ಮೇ ಬೇರೆ. ಏನು ತಿಪ್ಪರಲಾಗ ಹಾಕಿದರೂ ಒಂದಕ್ಕೊಂದು ಹೊಂದುವಂತಿರಲಿಲ್ಲ. ಗೋವಿಂದಪ್ಪನವರಿಗೆ ಹೇಳಿದೆ. “ಬೋರ್ಡ್ ಹಾಕಾಯ್ತು, ಜನ ಸೇರ್ಕೊಂಡಾಯ್ತು. ಓದಿರೋನು ತಾನೆ ನೀನು? ಏನಾದ್ರೂ ಮಾಡಪ್ಪ,” ಅಂದರು.

ಏನಾದರೂ ಮಾಡಿದೆ. ಆ ಯಂತ್ರದೊಳಗೇ ಇದ್ದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ಸಾಫ್ಟ್‌ವೇರಿನದೊಂದು ನಕಲಿ ಬರೆದೆ. ನಿಜವಾದ ಸಾಫ್ಟ್‌ವೇರಿನ ಹಾಗೇ ಕಾಣುವ ಪರದೆ, ಅವೇ ಕೀಗಳು. ಟೈಪ್ ಮಾಡಿದರೆ ಅಕ್ಷರ ಮೂಡುತ್ತಿತ್ತು. ಸೇವ್ ಕೊಟ್ಟರೆ ಸೇವ್ ಆಯಿತು ಎಂಬ ಸಾಲು ಬರುತ್ತಿತ್ತು — ಏನೂ ಆಗಿರುತ್ತಿರಲಿಲ್ಲ. ಮಾರನೆಯ ದಿನ ಫೈಲು ತೆಗೆದರೆ, ನಾನು ಮೊದಲೇ ಒಳಗೆ ಬರೆದಿಟ್ಟ ಪತ್ರವೇ ಎಲ್ಲರಿಗೂ ಕಾಣುತ್ತಿತ್ತು. ಅಭ್ಯಾಸಕ್ಕೆ ಕೊಡುತ್ತಿದ್ದದ್ದೂ ಅದೇ ಪತ್ರ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ನಿಮಗೆ ಬಂತು. ನೀವು ಬೇರೆಯವರ ಹಾಗೆ ಕಾಲ ಕಳೆಯಲು ಬಂದವರಲ್ಲ. ಕಾರ್ಖಾನೆಯೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಿರಿ. ಅಲ್ಲಿಗೆ ಕಂಪ್ಯೂಟರ್ ಬಂದಿತ್ತು. ಇಬ್ಬರು ಟೈಪಿಸ್ಟರಲ್ಲಿ ಪರೀಕ್ಷೆ ಮಾಡಿ ಒಬ್ಬರನ್ನೇ ಉಳಿಸಿಕೊಳ್ಳುತ್ತೇವೆ ಎಂದಿದ್ದರು. ಬ್ಯಾಡರಹಳ್ಳಿಯ ಗಂಡನ ಮನೆಯಲ್ಲಿ ಹೊಡೆತ ತಿಂದು ತಿಂದು, ಮಗಳನ್ನು ಕರೆದುಕೊಂಡು ಹೊರಬಿದ್ದು, ಕಾಮಾಕ್ಷಿಪಾಳ್ಯದಲ್ಲಿ ಒಂದು ಕೋಣೆ ಹಿಡಿದಿದ್ದಿರಿ. “ಈ ಕೆಲ್ಸ ಹೋದ್ರೆ ಮತ್ತೆ ಆ ಮನೆಗೇ ಹೋಗ್ಬೇಕು ಮೇಷ್ಟ್ರೇ,” ಅಂದಿದ್ದಿರಿ. ಸೇರಿದ ಮೊದಲ ದಿನವೇ ಅಂದಿದ್ದಿರಿ. ಎಲ್ಲ ಗೊತ್ತಿತ್ತು ನನಗೆ.

ಎರಡನೆಯ ವಾರವಿರಬೇಕು. ಫೈಲು ತೆಗೆದು ನೋಡಿ ಹುಬ್ಬು ಗಂಟಿಕ್ಕಿದಿರಿ.

“ಮೇಷ್ಟ್ರೇ, ನಿನ್ನೆ ಎರಡು ತಪ್ಪು ಹಾಗೇ ಬಿಟ್ಟಿದ್ದೆ ನಾನು. ಇವತ್ತು ನೋಡಿದ್ರೆ ಒಂದೂ ಇಲ್ವಲ್ಲ?”

ಹನ್ನೊಂದು ಜನ ನನ್ನ ಮುಖ ನೋಡುತ್ತಿದ್ದರು. ಗೋವಿಂದಪ್ಪನವರು ಬಾಗಿಲಲ್ಲೇ ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಇದು —

“ಕಂಪ್ಯೂಟರ್ ಅಲ್ವಾ ಮೇಡಂ, ತಪ್ಪಿದ್ರೆ ಅದೇ ತಿದ್ಕೊಳ್ಳುತ್ತೆ.”

ಅಷ್ಟೇ. ಅಲ್ಲಿಂದ ನಾನು ಸಿಕ್ಕಿಹಾಕಿಕೊಂಡೆ. ನೀವು ಮರುದಿನ ಬೇಕೆಂದೇ ತಪ್ಪು ಮಾಡಿ ಪರೀಕ್ಷಿಸಿದಿರಿ. ಅದರ ಮರುದಿನವೂ. ಪ್ರತಿ ಸಲವೂ ಪತ್ರ ಶುದ್ಧವಾಗಿ ಬರುತ್ತಿತ್ತು, ಬರದೇ ಏನು! ಪಕ್ಕದವರಿಗೆಲ್ಲ ಖುಷಿಯಿಂದ ಹೇಳಿಕೊಟ್ಟಿರಿ. ಟೈಪ್‌ರೈಟರಿನಲ್ಲಿ ಒಂದು ಅಕ್ಷರ ತಪ್ಪಿದರೆ ಹಾಳೆಯನ್ನೇ ಬದಲಿಸುತ್ತಿದ್ದ ನೀವು, ತಿರುಗಿ ನೋಡದೆ ಟೈಪ್ ಮಾಡುವುದನ್ನು ನನ್ನ ಕಣ್ಣೆದುರೇ ರೂಢಿ ಮಾಡಿಕೊಂಡಿರಿ. ಮೆಟ್ಟಿಲ ಮೇಲೆ ನಿಮ್ಮ ಹೆಜ್ಜೆ ಸಪ್ಪಳ ಕೇಳಿದರೆ ಹಾಜರಿ ಪುಸ್ತಕದ ಮೇಲೆ ಬಗ್ಗಿ ಕೂರುತ್ತಿದ್ದೆ. ಒಂದು ಸಂಜೆ ಹೇಳಿಯೇ ಬಿಡೋಣವೆಂದು ಬಸ್‌ಸ್ಟಾಪಿನವರೆಗೂ ನಿಮ್ಮ ಹಿಂದೆ ಬಂದೆ. ನಕಲಿ ಎಂದು ಹೇಳಿದರೆ ಬೋರ್ಡು ಹೋಗುತ್ತದೆ, ಕೆಲಸ ಹೋಗುತ್ತದೆ, ಮೇಷ್ಟ್ರು ಅನ್ನುವ ಮಾತೂ — ನೀವು ತಿರುಗಿ ನೋಡಿ, “ನೀವು ಸಿಕ್ಕಿದ್ದು ನನ್ನ ಪುಣ್ಯ ಮೇಷ್ಟ್ರೇ,” ಅಂದುಬಿಟ್ಟಿರಿ. ಬಸ್ಸು ಬಂತು, ನೀವು ಹತ್ತಿದಿರಿ.

ಪರೀಕ್ಷೆಯ ಮಾರನೆಯ ದಿನ ನೀವು ಬಂದು ಬೆಂಚಿನ ಮೇಲೆ ಕೂತಿರಿ. ಇನ್ನೊಬ್ಬಾಕೆಗಿಂತ ಎಷ್ಟೋ ಮೊದಲೇ ಮುಗಿಸಿದ್ದಿರಂತೆ. ತಪ್ಪುಗಳನ್ನು ಹಾಗೇ ಬಿಟ್ಟು, ಸೇವ್ ಕೊಟ್ಟು, ಪ್ರಿಂಟ್ ತೆಗೆದಿದ್ದಿರಂತೆ. ನಿಮ್ಮ ಆಫೀಸಿನ ಸಾಹೇಬರು ಆ ಹಾಳೆಯನ್ನು ಎಲ್ಲರೆದುರು ಎತ್ತಿ ಹಿಡಿದು ಒಂದೊಂದೇ ತಪ್ಪನ್ನು ಗಟ್ಟಿಯಾಗಿ ಓದಿದರಂತೆ. ಅದನ್ನು ಹೇಳುವಾಗಲೂ ನೀವು ನನ್ನನ್ನು ಬಯ್ಯಲಿಲ್ಲ.

“ಸೇವ್ ಮಾಡೋವಾಗ ಯಾವ್ದೋ ಕೀ ತಪ್ಪಾಗಿ ಒತ್ತಿದೀನಿ ಅನ್ಸುತ್ತೆ. ನೀವು ಚೆನ್ನಾಗೇ ಹೇಳ್ಕೊಟ್ರಿ. ನನ್ ತಲೆಗೇ ಹತ್ತಲಿಲ್ಲ, ಅಲ್ವಾ?”

“ಹೂಂ,” ಅಂದೆ.

ಅಯ್ಯೋ ಶಾರದಮ್ಮನವರೇ — ಮೊದಲ ಸುಳ್ಳು ಗಾಬರಿಯಲ್ಲಿ ಬಂದದ್ದು ಅಂತಲಾದರೂ ಹೇಳಬಹುದು. ಈ ಹೂಂ ಹಾಗಲ್ಲ. ಯೋಚಿಸಿ ಅಂದೆ. ಅದೇ ದಿನ ನಿಮ್ಮ ಆಫೀಸಿಗೆ ಹೋಗಿ, ತಪ್ಪು ನನ್ನದು, ಇನ್ನೊಂದು ಸಲ ಪರೀಕ್ಷೆ ಮಾಡಿ ಎಂದು ಕೈಮುಗಿಯಬಹುದಿತ್ತು. ಸಾಹೇಬರು ಒಪ್ಪುತ್ತಿದ್ದರೋ ಇಲ್ಲವೋ... ನಾನು ಹೋಗಲಿಲ್ಲ. ಕೆಲವು ದಿನಗಳಲ್ಲೇ ನೀವು ಕೋಣೆ ಖಾಲಿ ಮಾಡಿ ಬ್ಯಾಡರಹಳ್ಳಿಗೆ ವಾಪಸ್ ಹೋದಿರಿ ಎಂದು ಗೋವಿಂದಪ್ಪನವರೇ ಹೇಳಿದರು. ನಾನು ಮುಂದಿನ ತಂಡಕ್ಕೆ ಅದೇ ನಕಲಿಯನ್ನು ಕಲಿಸಿದೆ.

ಹೋದ ತಿಂಗಳು ವಿಜಯನಗರದ ಪೋಸ್ಟಾಫೀಸಿನಲ್ಲಿ ನಿಮ್ಮನ್ನು ಕಂಡೆ. ಸಾಲಿನಲ್ಲಿ ನಿಮ್ಮಿಂದ ಇಬ್ಬರ ಹಿಂದೆ ನಿಂತಿದ್ದೆ. ಗುಮಾಸ್ತರು ಒಂದು ಪುಟ್ಟ ಯಂತ್ರವನ್ನು ನಿಮ್ಮ ಮುಂದಿಟ್ಟು ನಂಬರು ಒತ್ತಿ ಎಂದರು. ನೀವು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿರಿ. “ಅಮ್ಮನಿಗೆ ಕೊಡ್ಬೇಡಿ ಸಾರ್, ಅವ್ರಿಗೆ ಇದೆಲ್ಲ ಅರ್ಥ ಆಗಲ್ಲ. ಮೊದ್ಲಿಂದ್ಲೂ ಹಾಗೇ,” ಎಂದಳು ನಿಮ್ಮ ಮಗಳು, ನಗುತ್ತಲೇ. ನೀವೂ ನಕ್ಕು ತಲೆಯಾಡಿಸಿದಿರಿ. ಇಡೀ ಇನ್‌ಸ್ಟಿಟ್ಯೂಟಿನಲ್ಲಿ ನಿಮ್ಮಷ್ಟು ಚುರುಕಾಗಿ ಟೈಪ್ ಮಾಡುವವರು ಯಾರೂ ಇರಲಿಲ್ಲ. ಅದನ್ನು ಅಲ್ಲಿ ಗಟ್ಟಿಯಾಗಿ ಹೇಳಬೇಕಿತ್ತು ನಾನು. ಸಾಲು ಬಿಟ್ಟು ಹೊರಗೆ ಬಂದುಬಿಟ್ಟೆ, ಹೇಡಿ.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದ್ದೇನೆ. ಅದನ್ನು ಕೇಳುವ ಮುಖ ನನಗಿಲ್ಲ. ವಿಳಾಸ ವಿಚಾರಿಸಿ ತಿಳಿದುಕೊಂಡಿದ್ದೇನೆ. ಈ ಕಾಗದ ತಲುಪಿದ ಮೇಲೆ ಬರುವ ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ. ನಿಮ್ಮ ಮಗಳು ಮನೆಯಲ್ಲಿರಲಿ. ಅವಳು ಕೇಳಿಸಿಕೊಳ್ಳಬೇಕು.