ಅತ್ತೆ ಹುಳದಮನೆ ಗೋಡೆಗೆ ಬರೆದದ್ದು

ಹಣ್ಣಾದ ರೇಷ್ಮೆಹುಳಕ್ಕೆ ಒಂದು ವಾಸನೆ ಇದೆ. ಹಸಿ ಸೊಪ್ಪು, ಹಿಕ್ಕೆ, ಸುಣ್ಣ ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಿತ್ತು ಅಂದರೆ ಹುಳ ತಿನ್ನೋದು ಬಿಟ್ಟಿದೆ, ಗೂಡು ಕಟ್ಟೋಕೆ ಹೊರಟಿದೆ ಅಂತ ಲೆಕ್ಕ. ಮೊನ್ನೆ ಬೆಳಿಗ್ಗೆ ಶೆಡ್ಡಿನ ಕಡೆಯಿಂದ ಆ ವಾಸನೆ ಬಂತು. ಜಗಲಿ ಕಡೆಯಿಂದ ಮೊಮ್ಮಗಳು ಸುಮಾ ಅಳುತ್ತ ಮೂಗು ಏರಿಸುವ ಸದ್ದು ಬಂತು.

ಅವಳು ಸಾತನೂರಿಗೆ ಬಸ್ಸಲ್ಲಿ ಹೋಗಿ ಓದುತ್ತಾಳೆ. ವಿಜ್ಞಾನವನ್ನೂ ಚಿತ್ರವನ್ನೂ ಕೂಡಿಸಿದ ಹಳೇ ಕಾಲದ ಹೆಂಗಸರ ಬಗ್ಗೆ ಏನಾದರೂ ಮಾಡಿಕೊಂಡು ಬನ್ನಿ ಅಂದಿದ್ದರಂತೆ ಟೀಚರು. ಮೂರು ನಾಲ್ಕು ಶತಮಾನದ ಹಿಂದೆ ಯಾವುದೋ ದೇಶದಲ್ಲಿ ಒಬ್ಬಳು ಮನೆಯಲ್ಲೇ ರೇಷ್ಮೆಹುಳ ಸಾಕಿ, ಮೊಟ್ಟೆಯಿಂದ ಚಿಟ್ಟೆವರೆಗೂ ನೋಡಿ ನೋಡಿ ಚಿತ್ರ ಬರೆದಳಂತೆ. ಇವಳಿಗೂ ಹಾಗೇ ಬರೆಯುವ ಹುಚ್ಚು. ಮೊಟ್ಟೆ, ಮರಿ ಎಲ್ಲ ಬರೆದಾಗಿತ್ತು. ಗೂಡು ಕಟ್ಟೋದು ಬಾಕಿ. ಅವತ್ತೇ ಮುಟ್ಟಾದಳು. ಮುಟ್ಟಾದವರು ಹೋದರೆ ಹುಳ ಸಾಯುತ್ತದೆ ಅಂತ ನಮ್ಮ ಕಡೆ ಒಳಗೆ ಬಿಡೋದಿಲ್ಲ.

"ಮೂರ್ ದಿನ ಬುಟ್ಟು ಬರ್ಕೊಳವ್ವ," ಅಂದ ನನ್ನ ಮಗ.

"ಅಷ್ಟೊತ್ಗೆ ಹುಳ ಗೂಡೊಳಗಿರ್ತದೆ ಕಣಪ್ಪ. ನಾನೇನ್ ಗೋಡೆ ನೋಡ್ಕಂಡು ಬರೀಲಾ?"

ಗೋಡೆ ಅಂದಳಲ್ಲ, ನನಗೆ ನಮ್ಮತ್ತೆ ಕೆಂಪಮ್ಮ ನೆನಪಾದಳು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಮೇಷ್ಟ್ರು ಬಂದ ದಿನ. ಸೊಳ್ಳೆ ಬರಿ ಅಂದರೆ ನನ್ನ ಕೈಗೆ ಎಮ್ಮೆ ಬರುತ್ತದೆ. ಅತ್ತೆ ಅಷ್ಟೂ ಓದಿರಲಿಲ್ಲ. ಆದರೆ ಹುಳದಮನೆ ಗೋಡೆಗೆ ಕೆಮ್ಮಣ್ಣಲ್ಲಿ ಹುಳ ಬರೆದರೆ ಹಲ್ಲಿ ಬಂದು ಬಾಯಿ ಹಾಕಬೇಕು, ಹಾಗಿರುತ್ತಿತ್ತು. ಜ್ವರಕ್ಕೆ ಕೂತ ಹುಳ, ಅಂದರೆ ಪೊರೆ ಬಿಡೋಕೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತಲ್ಲ, ಅದನ್ನಂತೂ ಕಣ್ಣಿಗೆ ಕಟ್ಟೋ ಹಾಗೆ ಬರೆಯೋಳು.

ಅವು ಬರೀ ಅಂದಕ್ಕೆ ಬರೆದವಲ್ಲ. ಮುಟ್ಟಿನ ದಿನವೂ ಅವಳು ಯಾರಿಗೂ ಹೇಳದೆ ಒಳಗೆ ಹೋಗಿ ಕೆಲವು ತಟ್ಟೆಗೆ ತಾನೇ ಸೊಪ್ಪು ಹಾಕೋಳು. ಮಿಕ್ಕವನ್ನು ಬೇರೆ ಕೋಣೆಯಲ್ಲಿಟ್ಟು ನನ್ನ ಕೈಲಿ ಹಾಕಿಸೋಳು. ತನ್ನ ತಟ್ಟೆ ಹುಳ ಈ ಗೋಡೆಗೆ, ನನ್ನ ತಟ್ಟೆ ಹುಳ ಆ ಗೋಡೆಗೆ, ಹೇಗಿದ್ದವೋ ಹಾಗೇ ಬರೆಯೋಳು. ಒಂದು ಸಲ ಹುಳ ಸಾಕಿದರೆ ಅದೊಂದು ಬೆಳೆ; ಬೆಳೆ ಮೇಲೆ ಬೆಳೆ ಹೀಗೇ ನಡೆಯಿತು. ಎರಡು ಗೋಡೆಗೂ ಏನೂ ವ್ಯತ್ಯಾಸ ಇರಲಿಲ್ಲ.

ಅದನ್ನು ಬಾಯಿ ಬಿಟ್ಟು ಮಾವನಿಗೆ ಹೇಳಿದಳು ನೋಡಿ, ಅಲ್ಲಿಗೆ ಕೆಟ್ಟಳು.

"ನೋಡು, ಸಾಯ್ನಿಲ್ಲ ಹುಳ. ನಾನೇ ಮುಟ್ಟಿವ್ನಿ," ಅಂದಳು. ಮಾವ ಉಣ್ಣುತ್ತಿದ್ದವನು ಕೈ ತೊಳೆದ. ಮುಂದಿನ ಬೆಳೆಗೆ ಜಡಿಮಳೆ, ಥಂಡಿ. ಹುಳಕ್ಕೆ ಸುಣ್ಣಕಟ್ಟು ರೋಗ ತಗುಲಿ ಬೆಳ್ಳಗೆ ಬಿರುಸಾಗಿ ಸತ್ತವು. ಆಚೆ ಮನೆಯದೂ ಸತ್ತಿತ್ತು, ಮೇಲಿನ ಕೇರಿಯದೂ ಸತ್ತಿತ್ತು. ಆ ಮನೆಗಳಲ್ಲಿ ಯಾರು ಒಳಗೆ ಹೋಗಿದ್ದರು ಅಂತ ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಉತ್ತರ ರೆಡಿ ಇತ್ತು.

ಮಾವ ಎರಡು ಗೋಡೆಗೂ ಸುಣ್ಣ ಹೊಡೆಸಿದ. ಅತ್ತೆ ಸಾಯುವ ತನಕ ಹೊಲದಲ್ಲಿ ಸೊಪ್ಪು ಕೊಯ್ದಳು, ಹೊರೆ ತಂದು ಬಾಗಿಲ ಹೊರಗೆ ಹಾಕಿದಳು. ಒಳಗೆ ಇಣುಕಿಯೂ ನೋಡಲಿಲ್ಲ.

ಪರದೇಶದವಳು ಬರೆದದ್ದು ಇನ್ನೂ ಫೋನಲ್ಲಿ ಓಡಾಡುತ್ತಿದೆ. ಇವಳದು ಸುಣ್ಣದ ಅಡಿಗೆ ಹೋಯಿತು. ಇಬ್ಬರೂ ನೋಡಿದ್ದು ಅದೇ ಹುಳ.

ಸುಮಾಳಿಗೆ ಇದನ್ನೆಲ್ಲ ಹೇಳಿ, ಶೆಡ್ಡಿನ ಬಾಗಿಲು ತೆಗೆದು, "ನಡಿಯವ್ವ ಒಳಕ್ಕೆ," ಅಂದೆ.

"ಅವ್ವ, ಬೆಳೆ ಗಿಳೆ ಕೆಟ್ರೆ?" ಅಂದ ಮಗ.

"ಕೆಟ್ರೆ ನಿಮ್ ತಾತ್ನಂಗೆ ಸುಣ್ಣ ಹೊಡಿ," ಅಂದೆ. ಅವನು ಬೈಕ್ ಹತ್ತಿ ಹೋದ.

ಮಧ್ಯಾಹ್ನದ ತನಕ ಬರೆದಳು. ಹುಳ ತಲೆಯಾಡಿಸುತ್ತ ನೂಲು ಬಿಡೋದು ಅಚ್ಚುಕಟ್ಟಾಗಿ ಬಂದಿತ್ತು.

"ಅಜ್ಜಿ, ಕೆಳಗೆ ಮುತ್ತಜ್ಜಿ ಹೆಸ್ರು ಬರೀಲಾ?"

"ಬ್ಯಾಡ. ನಿಂದೇ ಬರ್ಕೊ," ಅಂದೆ. "ನಾಳೆ ಮಳೆ ಬಂದು ಹುಳ ಸತ್ರೆ ಬಯ್ಯಕ್ಕೆ ಇವ್ರಿಗೊಂದು ಹೆಸ್ರು ಬೇಕಲ್ಲ. ಅವಳ್ದು ಆಗ್ಲೇ ಬಳಸವ್ರೆ."